ಎರಡು, ಐದು, ನಾಲ್ಕು

ಸಾರಕ್ಕಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ನಮ್ಮ ಯಜಮಾನರು ದರ್ಜಿಗಳಿಗೆ ಗುಂಡಿ, ದಾರ, ಲೈನಿಂಗ್ ಬಟ್ಟೆ ಮಾರುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಕಾಯಿಲೆಯಿಂದ ತೀರಿಕೊಂಡಾಗ ಅಂಗಡಿ ನನ್ನ ಕೈಗೆ ಬಂತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಧ್ಯಾಹ್ನ ಊಟ ಕೊಡಲು ಹೋಗುತ್ತಿದ್ದೆನೇ ಹೊರತು ವ್ಯಾಪಾರಕ್ಕೆ ಕೂತವಳಲ್ಲ.

ಎರಡು ತಿಂಗಳು ಕೂತು ನೋಡಿದೆ. ಡಬ್ಬಗಳ ಮೇಲೆ ಅವರು ಪೆನ್ಸಿಲಿನಲ್ಲಿ ಬರೆದ ಸಂಖ್ಯೆಗೂ ಒಳಗಿದ್ದ ಗುಂಡಿಗಳಿಗೂ ತಾಳೆಯಾಗುತ್ತಿರಲಿಲ್ಲ. ಕೆಲವು ಕಡೆ ಅಂಕೆಗಳ ನಡುವೆ ‘ಹ’, ‘ನ’ ಎಂದು ಬೇರೆ ಬರೆದಿದ್ದರು. ಕಾಯಿಲೆಯಲ್ಲಿ ಅವರ ಬುದ್ಧಿಯೂ ಮಂಕಾಗಿತ್ತೇನೋ, ಜೊತೆಗಿದ್ದೂ ನಾನು ಗಮನಿಸಲಿಲ್ಲವೇನೋ ಎಂದು ಸಂಕಟವಾಗುತ್ತಿತ್ತು. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುತ್ತೇನೆಂದು ಮಾಲೀಕರಿಗೆ ಹೇಳಿಬಿಟ್ಟೆ.

ಆ ವಾರವೇ ಬನಶಂಕರಿಯ ದರ್ಜಿಯೊಬ್ಬರು ಬಂದರು. ಶಾಲೆಯ ಬ್ಯಾಂಡಿಗೆ ಮೂವತ್ತೆರಡು ತುಂಬುತೋಳಿನ ಶರ್ಟು ಹೊಲಿಯಬೇಕಿತ್ತು. ಎದೆಗೆ ಏಳು, ಒಂದೊಂದು ತೋಳಿಗೆ ಎರಡೆರಡು, ಒಟ್ಟು ಹನ್ನೊಂದು ಗುಂಡಿ. ಹಿತ್ತಾಳೆ ಬಣ್ಣದ ಗುಂಡಿಗಳ ಡಬ್ಬದ ಮೇಲೆ 254 ಎಂದಿತ್ತು.

“ಇದರ ಮೇಲೆ ಬರೆದಿರೋದನ್ನ ನಂಬಿದ್ರೂ ಇಪ್ಪತ್ಮೂರು ಶರ್ಟಿಗೆ ಆಗುತ್ತೆ, ಅಷ್ಟೇ,” ಎಂದೆ.

“ಇಲ್ಲಕ್ಕಾ, ಮೂವತ್ತೆರಡಕ್ಕೂ ಆಗುತ್ತೆ ಅಂತ ಅಣ್ಣನೇ ಹೇಳಿದ್ರು. ಅವರ ಮಾತು ನಂಬಿ ಆರ್ಡರ್ ಹಿಡಿದಿದ್ದೀನಿ.”

“ನೀವೇ ಎಣಿಸಿ ಹಾಗಾದ್ರೆ,” ಎಂದು ಡಬ್ಬವನ್ನು ಗಾಜಿನ ಮೇಲೆ ಸುರಿದೆ. ಇಬ್ಬರೂ ಹನ್ನೊಂದರ ಗುಡ್ಡೆ ಹಾಕುತ್ತಾ ಹೋದೆವು. ಮೂವತ್ತೆರಡು ಗುಡ್ಡೆ ಆದವು. ಒಂದು ಗುಂಡಿಯೂ ಉಳಿಯಲಿಲ್ಲ.

ದರ್ಜಿ ಡಬ್ಬ ತಿರುಗಿಸಿ ನೋಡಿದರು. “ಇದನ್ನ ಇನ್ನೂರೈವತ್ನಾಲ್ಕು ಅಂತ ಓದಿದ್ರಾ? ಅಕ್ಕಾ, ಎರಡು ಗ್ರೋಸು, ಐದು ಡಜನ್ನು, ನಾಲ್ಕು ಬಿಡಿ. ಇಷ್ಟು ದಿನ ಯಾರ್ಯಾರಿಗೆ ಇಲ್ಲ ಅಂತ ವಾಪಸ್ ಕಳಿಸಿದ್ರೋ.”

ಹನ್ನೆರಡು ಡಜನ್ನಿಗೆ ಒಂದು ಗ್ರೋಸು. ನಾವು ಹತ್ತಾದಾಗ ಮುಂದಿನ ಸ್ಥಾನಕ್ಕೆ ಹೋಗುತ್ತೇವೆ, ಅವರು ಹನ್ನೆರಡಾದಾಗ ಹೋಗುತ್ತಿದ್ದರು. ಹತ್ತಕ್ಕೂ ಹನ್ನೊಂದಕ್ಕೂ ಒಂದೊಂದೇ ಗುರುತು ಬೇಕಲ್ಲ, ಅದಕ್ಕೇ ‘ಹ’ ಮತ್ತು ‘ನ’.

ಆಗ ಇನ್ನೊಂದು ನೆನಪಾಯಿತು. ಡಬ್ಬದ ಅಂಕೆಗಳನ್ನು ಅವರು ಬಾಯಲ್ಲೇ ಕೂಡುತ್ತಿದ್ದರು. ಹನ್ನೊಂದು ಬಂದರೆ ಮುಖ ಅರಳುತ್ತಿತ್ತು. “ಏನ್ರೀ, ನಿಮ್ಮ ಅದೃಷ್ಟದ ನಂಬರ್ ಬಂತಾ?” ಎಂದು ನಾನು ರೇಗಿಸಿದರೆ, “ಬಂತು ಬಂತು, ಊಟ ಬಡಿಸು,” ಎನ್ನುತ್ತಿದ್ದರು. ಒಮ್ಮೆಯೂ ತಿದ್ದಲಿಲ್ಲ.

ದರ್ಜಿ ಹೋದ ಮೇಲೆ ಒಬ್ಬಳೇ ಕೂತು ಗುಂಡಿಗಳನ್ನು ಜೋಡಿಸಿದೆ. ಒಂದು ಡಜನ್ನಿನಲ್ಲಿ ಒಂದು ಶರ್ಟಿಗೆ ತೆಗೆದರೆ ಒಂದು ಗುಂಡಿ ಉಳಿಯುತ್ತದೆ. ಒಂದು ಗ್ರೋಸಿನಲ್ಲಿ ಹದಿಮೂರು ಶರ್ಟಿಗೆ ತೆಗೆದರೂ ಉಳಿಯುವುದು ಒಂದೇ. ಹಾಗಾಗಿ ಎರಡು ಗ್ರೋಸಿನಲ್ಲಿ ಉಳಿದ ಎರಡು, ಐದು ಡಜನ್ನಿನಲ್ಲಿ ಉಳಿದ ಐದು, ಬಿಡಿ ನಾಲ್ಕು ಸೇರಿದರೆ ಹನ್ನೊಂದು, ಅಂದರೆ ಮತ್ತೊಂದು ಶರ್ಟು. ಡಬ್ಬದ ಗುಂಡಿಗಳು ಒಂದೂ ಉಳಿಯದೆ ಶರ್ಟುಗಳಿಗೆ ಸರಿಹೋಗುತ್ತವೆಯೇ ಎಂದು ತಿಳಿಯಲು ಅಂಕೆ ಕೂಡಿದರೆ ಸಾಕು, ಭಾಗಾಕಾರವೇ ಬೇಡ. ಕೊನೆಯವರೆಗೂ ಅವರ ತಲೆ ನೆಟ್ಟಗಿತ್ತು. ಬಹಳ ಹೊತ್ತು ಅತ್ತೆ. ಆ ಅಳುವಿನಲ್ಲಿ ಸಮಾಧಾನವೂ ಇತ್ತು.

ಮರುದಿನ ಮಾಲೀಕರ ಮನೆಗೆ ಹೋಗಿ, ಅಂಗಡಿ ಬಿಡುವುದಿಲ್ಲ ಎಂದು ಹೇಳಿ ಬಂದೆ. ಮಾರಿ ಉಳಿದಿದ್ದ ಬಿಳಿ ಗುಂಡಿಗಳನ್ನು ಎಣಿಸಿದೆ. ಒಂದು ಗ್ರೋಸು, ಹತ್ತು ಡಜನ್ನು, ಬಿಡಿ ಇಲ್ಲ. ಹಳೆಯ ಬರಹದ ಕೆಳಗೆ, ಅವರ ಪೆನ್ಸಿಲಿನಲ್ಲೇ ‘1ಹ0’ ಎಂದು ಬರೆದೆ. ಬಾಯಲ್ಲೇ ಕೂಡಿ ನೋಡಿದೆ. ಹನ್ನೊಂದು ಬಂತು.