ಮೂತಿ ಎತ್ತಿದ ಗಾಲಿಮನೆ

ಹೋದ ವರ್ಷ ದೀಪಾವಳಿ ಮುಗಿದ ಹೊಸತರಲ್ಲಿ ನಮ್ಮ ಮನೆಗೆ ಇನ್ನೊಂದು ಮನೆ ಬಂತು. ಬಂತು ಅಂದರೆ ಟ್ರ್ಯಾಕ್ಟರಿನ ಹಿಂದೆ ಉರುಳಿಕೊಂಡೇ ಬಂತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಮನೆ ಎಳೆದು ನೋಡು ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಮ್ಮ ಯಜಮಾನರು ಕೇಳುತ್ತಿರಲಿಲ್ಲ ಬಿಡಿ.

ನಮ್ಮದು ಜತ್ತ ತಾಲೂಕಿನ ಸಂಖದ ಹತ್ತಿರದ ವಸ್ತಿ. ಕುರಿ ಕಾಯುವ ಮಂದಿ ನಾವು. ದೀಪಾವಳಿ ಆದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಮತ್ತೆ ಮಳೆ ಬೀಳುವ ಹೊತ್ತಿಗೇ ಊರು. ರೈತರು ತಮ್ಮ ಹೊಲದಲ್ಲಿ ನಮ್ಮ ಕುರಿ ತರುಬಿಸಿಕೊಳ್ಳುತ್ತಾರೆ. ಹಿಂಡು ರಾತ್ರಿ ಅಲ್ಲೇ ಮಲಗಿದರೆ ಹೊಲಕ್ಕೆ ಗೊಬ್ಬರ, ನಮಗೆ ಜೋಳ. ಇಷ್ಟು ವರ್ಷ ಆಕಾಶವೇ ಮಾಡು, ಕಂಬಳಿಯೇ ಗೋಡೆ ಅಂತ ನಡೆದಿತ್ತು.

ನಮ್ಮ ಅತ್ತೆ ಸತ್ಯವ್ವ. ನಡಿಗೆಯಲ್ಲಿ ಅವರನ್ನು ಮೀರಿಸಿದವರು ನಮ್ಮ ಮಂದಿಯಲ್ಲೇ ಇರಲಿಲ್ಲ. ಅಂಥವರಿಗೆ ಈ ಮನೆ ಬರುವ ಮುಂಚಿನ ಮಳೆಗಾಲದಲ್ಲಿ ಮೊಣಕಾಲು ಹಿಡಿದುಕೊಂಡವು. ಡಫಳಾಪುರಕ್ಕೆ ಕೊಟ್ಟ ನನ್ನ ನಾದಿನಿ ಕಸ್ತೂರಿ, "ವೈನಿ, ಇನ್ನ ಅವ್ವನ್ನ ಹಿಂಡಿನ ಹಿಂದ ತಿರಗಸಬ್ಯಾಡ್ರಿ. ನಾ ಕರಕೊಂಡ ಹೋಗತೀನಿ" ಅಂದಳು. ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ಅದು ಬೇಡವಾಗಿತ್ತು.

ಅತ್ತೆಗೂ ನನಗೂ ಕೂಡಿಬರುತ್ತಿತ್ತು ಅಂತ ತಿಳಿಯಬೇಡಿ. ದಿನಾ ಜಗಳ. ನಾನು ರೊಟ್ಟಿ ತಟ್ಟಿದರೆ ದಪ್ಪ, ಚಹಾ ಮಾಡಿದರೆ ನೀರು. ಆದರೆ ಈಯ್ದ ಕುರಿ ಮರಿಗೆ ಮೊಲೆ ಕೊಡದೆ ಒದ್ದರೆ, ಅದರ ಮುಂದೆ ಕೂತು ಬೈದು, ರಮಿಸಿ ಕುಡಿಸುವವರು ಅವರೇ. ಮತ್ತೆ ಆ ಬಯಲಿನಲ್ಲಿ ಯಜಮಾನರು ಹಿಂಡಿನ ಜೊತೆ ಹೋದ ಮೇಲೆ ನನ್ನೊಡನೆ ಮಾತಿಗೆ, ಅಂದರೆ ಜಗಳಕ್ಕೆ, ಇನ್ನೊಬ್ಬರು ಯಾರಿದ್ದರು? ಅವರು ಹೋದರೆ ನಾನು ಕುರಿಗಳ ಜೊತೆ ಜಗಳವಾಡಬೇಕಾಗಿತ್ತು.

ಆಗ ಯಜಮಾನರು ಜತ್ತದ ಮೋಡ್ಕಾ ಅಂಗಡಿಯಲ್ಲಿ, ಅಂದರೆ ಹಳೇ ಕಬ್ಬಿಣದ ಗುಜರಿಯಲ್ಲಿ, ಈ ಗಾಲಿಮನೆ ಕಂಡು ಬಂದರು. ಗುಡ್ಡದ ಮೇಲೆ ಗಾಳಿಗೆ ತಿರುಗಿ ಕರೆಂಟು ಕೊಡುವ ಪವನಚಕ್ಕಿ ನಿಲ್ಲಿಸುವ ಕೆಲಸಕ್ಕೆ ಬಂದಿದ್ದ ಸಾಹೇಬರು ಅದರಲ್ಲಿ ಇರುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಹಳೆಯದಾಯಿತು ಅಂತ ಮಾರಿದ್ದರು. ಮಧ್ಯದಲ್ಲಿ ಎರಡೇ ಗಾಲಿ. ಮುಂದೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಉದ್ದ ಮೂತಿ, ಅದರ ಕೆಳಗೆ ಒಂದು ಕಬ್ಬಿಣದ ಕಾಲು. ಒಳಗೆ ಹಿಂದಿನ ಗೋಡೆಗೆ ಹತ್ತಿಕೊಂಡು ಅಡ್ಡಕ್ಕೆ ದೊಡ್ಡ ಮಂಚ, ಒಂದು ಸಣ್ಣ ಅಡುಗೆಕಟ್ಟೆ, ಮೂಲೆಯಲ್ಲಿ ಮನುಷ್ಯ ಹೊಕ್ಕರೆ ತಿರುಗಲಾರದಷ್ಟು ಪಾಯಖಾನೆ. ಅದನ್ನು ನಾವು ಜೋಳದ ಚೀಲ ಇಡಲು ಬಳಸಿದೆವು. ಯಾವ ಹೊಲದಲ್ಲಿ ಕುರಿ ತರುಬುತ್ತೇವೋ ಆ ರೈತರೇ ತಮ್ಮ ಟ್ರ್ಯಾಕ್ಟರಿನಿಂದ ಮನೆ ಎಳೆದುಕೊಂಡು ಹೋಗಬೇಕು ಅಂತ ಮಾತಾಯಿತು.

ಅಂಗಡಿಯವನು ಒಂದು ಗೋಣಿಚೀಲದಲ್ಲಿ ಇನ್ನೆರಡು ಕಬ್ಬಿಣದ ಕಾಲುಗಳನ್ನೂ ಕೊಟ್ಟು, "ಇವನ್ನ ಹಿಂದ ಹಚ್ರಿ" ಅಂದಿದ್ದನಂತೆ. ಯಜಮಾನರು ಮನೆಗೆ ಬಂದು ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಗಾಲಿ ಇದ್ದ ಮ್ಯಾಲ ಕಾಲ ಯಾಕ ಬೇಕ?" ಅಂದರು. ಆಮೇಲೆ ಸುತ್ತಿಗೆ ತಗೊಂಡು ಅವೆರಡನ್ನೂ ನೆಲಕ್ಕೆ ಬಡಿದು, ಮರಿಗಳನ್ನು ಕೂಡಿಹಾಕುವ ಬಲೆ ಕಟ್ಟಿದರು. "ಭಾಳ ಚಲೋ ಗೂಟ ಆದವ ನೋಡ್ರಿ" ಅಂತ ನಾನೂ ಹೊಗಳಿದೆ.

ಮನೆ ಅತ್ತೆಗಾಗಿಯೇ ತಂದದ್ದು. ಆದರೆ ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿ, ಕೋಲಿನಿಂದ ತಗಡು ಕುಟ್ಟಿ ನೋಡಿ, "ನಾ ಏನ ಚುರಮರಿ ಏನ, ಡಬ್ಬಿಯೊಳಗ ಹಾಕಿ ಮುಚ್ಚಾಕ?" ಅಂದರು. ಒಳಗೆ ಒಂದು ಕಾಲೂ ಇಡಲಿಲ್ಲ. ಮಲಗುವುದು ಹೊರಗೆ, ಮರಿಗಳ ಪಕ್ಕದಲ್ಲಿ. ಹೊಲದಿಂದ ಹೊಲಕ್ಕೆ ಹೋಗುವಾಗ ಟ್ರ್ಯಾಕ್ಟರಿನ ಮಡಗಾರ್ಡಿನ ಮೇಲೆ ಕೂತು, ಹಿಂದೆ ಬರುವ ಮನೆಯನ್ನು ದುರುಗುಟ್ಟಿ ನೋಡುತ್ತ ಬರುತ್ತಿದ್ದರು. "ಅತ್ತೀ, ಒಳಗ ಬರ್ರಿ, ಥಂಡಿ ಐತಿ" ಅಂದರೆ, "ನೆಲ ಸಾರಿಸಿಲ್ಲ, ಅದೆಂಥಾ ಮನಿ?" ಅನ್ನುತ್ತಿದ್ದರು.

ಸರಿ, ನಾನು ಸೆಗಣಿ ತಂದು ಹಲಗೆಯ ನೆಲವನ್ನೇ ಸಾರಿಸಿದೆ. ಬೈಯುವವರ ಬಾಯಿ ಮುಚ್ಚಿಸಬೇಕೆಂದು ವಾರವಾರ ಸಾರಿಸಿದೆ. ಹಲಗೆ ನೆನೆದ ರೊಟ್ಟಿಯ ಹಾಗೆ ಉಬ್ಬಿ, ಬಾಗಿಲು ಹೊಸ್ತಿಲಿಗೆ ಕಚ್ಚಿಕೊಳ್ಳತೊಡಗಿತು. ತೆಗೆಯಬೇಕಾದರೆ ಭುಜ ಕೊಟ್ಟು ನೂಕಬೇಕು. ಒಂದು ಅಕಾಲದ ಮಳೆಗೆ ಮಾಡು ಸೋರಿತು ಅಂತ ಯಜಮಾನರು ಮೇಲೆ ಡಾಂಬರು ಬಳಿದರು. ಮಾರನೆಯ ದಿನ ಬಿಸಿಲಿಗೆ ಡಾಂಬರು ಕರಗಿ ಕಿಟಕಿಯ ಸಂದಿಯಿಂದ ಇಳಿದು ನನ್ನ ರೊಟ್ಟಿಬುಟ್ಟಿಗೆ ಬಿತ್ತು. ಅತ್ತೆ ಹೊರಗೆ ಕೂತು ನಕ್ಕಿದ್ದೇ ನಕ್ಕಿದ್ದು.

ಇದೆಲ್ಲಕ್ಕಿಂತ ದೊಡ್ಡ ತ್ರಾಸು ಸುಲ್ತಾನನದು. ಸುಲ್ತಾನ ನಮ್ಮ ಮಾಡಗ್ಯಾಳ ತಳಿಯ ಟಗರು. ಗಿಣಿಮೂಗು, ಎತ್ತರದ ಆಳು, ಹಿಂಡಿನ ಧಣಿ. ಗಾಲಿಮನೆಯ ಹಿಂಭಾಗಕ್ಕೆ ಥಳಥಳ ಹೊಳೆಯುವ ತಗಡು, ಅದರ ಮೇಲೆ ಕಪ್ಪು ಕಿಟಕಿ. ಒಳಗಿನವರಿಗೆ ಹೊರಗೆಲ್ಲ ಕಾಣುತ್ತದೆ, ಹೊರಗಿನವರಿಗೆ ಅದು ಬರೀ ಕನ್ನಡಿ. ಮೊದಲನೆಯ ದಿನವೇ ಸುಲ್ತಾನ ಆ ತಗಡಿನಲ್ಲಿ ತನ್ನಂಥದೇ ಇನ್ನೊಂದು ಟಗರು ಕಂಡ. ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ ಓಡಿಬಂದು ಧಡ್ ಅಂತ ಗುದ್ದಿದ. ಆ ಕಳ್ಳ ಟಗರು ಓಡಿಹೋಗಲೇ ಇಲ್ಲವಲ್ಲ, ಇವನೂ ಬಿಡಲಿಲ್ಲ. ಕೊನೆಗೆ ಹಿಂದಿನ ಗೋಡೆಗೆ ಮೇಲಿಂದ ಕೆಳಗಿನವರೆಗೆ ಕಂಬಳಿ ಇಳಿಬಿಟ್ಟು, ಅವನನ್ನು ದೂರ ಬೇವಿನ ಮರಕ್ಕೆ ಕಟ್ಟತೊಡಗಿದೆವು.

ಹೀಗೆ ಸಾಗುತ್ತ ಬಿಳೂರಿನ ಇಮಾಮಸಾಬ ಕಾಕಾ ಅವರ ಹೊಲಕ್ಕೆ ಬಂದೆವು. ಅಲ್ಲಿಗೆ ಕಸ್ತೂರಿಯ ಫೋನು ಬಂತು. "ಐತವಾರ ಬರತೀನಿ. ನಾಕ ಮಂದಿ ಒಳಗ ಕುಂತ ಉಣ್ಣಾಕ ಆಗದ ಮನ್ಯಾಗ ಅವ್ವನ್ನ ಹ್ಯಾಂಗ ಬಿಡಲಿ? ಅರಿವಿ ಗಂಟ ಕಟ್ಟಿ ಇಡ್ರಿ." ಅತ್ತೆಯನ್ನು ಕೇಳಿದರೆ, "ಆಕಿ ಬಂದ ನೋಡಿ ಹೇಳಲಿ. ಆಕಿ ಹೂಂ ಅಂದ್ರ ಇರತೀನಿ, ಒಲ್ಲೆ ಅಂದ್ರ ಹೋಗತೀನಿ" ಅಂದುಬಿಟ್ಟರು.

ನನಗೂ ಸಿಟ್ಟು ಬಂತು. ನಾಲ್ಕು ಮಂದಿ ಏನು, ಎಲ್ಲರನ್ನೂ ಒಳಗೇ ಕೂಡಿಸಿ ಹೋಳಿಗೆ ಊಟ ಹಾಕುತ್ತೇನೆ, ಬರಲಿ ನೋಡೋಣ ಅಂದುಕೊಂಡೆ.

ಐತವಾರ ಮಧ್ಯಾಹ್ನ ಕಸ್ತೂರಿ, ಅವಳ ಗಂಡ, ಅವಳ ಅತ್ತೆ ಮೂವರೂ ಬಂದರು. ಕಸ್ತೂರಿ ಮೊದಲಿಂದಲೂ ಮೈಕೈ ತುಂಬಿಕೊಂಡವಳು. ಅವಳ ಗಂಡ ಅವಳಿಗೆ ತಕ್ಕ ಜೋಡಿ. ಬೀಗತಿಯೂ ಬಡಕಲಲ್ಲ. ಹೊಲದ ಧಣಿ ಅಂತ ಇಮಾಮಸಾಬ ಕಾಕಾನನ್ನೂ ಕರೆದಿದ್ದೆ. ನಮ್ಮ ಅತ್ತೆ ಮಾತ್ರ ಎಷ್ಟು ಕರೆದರೂ, "ನೀವ ಕುಂದ್ರಿ, ನಾ ಮರಿ ನೋಡತೀನಿ" ಅಂತ ಹೊರಗೇ ಉಳಿದರು.

ನಾನು ಬಾಗಿಲು ನೂಕಿ ಎಲ್ಲರನ್ನೂ ಒಳಗೆ ಕರೆದು ನಡುವಿನಲ್ಲಿ ಚಾಪೆ ಹಾಸಿ ಬಡಿಸಿದೆ. ಊಟ ಚೆನ್ನಾಗಿಯೇ ನಡೆಯಿತು. ಕಸ್ತೂರಿ ಅತ್ತಿತ್ತ ನೋಡಿ, "ಅಡ್ಡಿ ಇಲ್ಲ ವೈನಿ, ಮನಿ ಚಲೋ ಐತಿ" ಅಂದಳು. ಆ ಮಾತು ಕೇಳಿ ನನಗೆ ಸ್ವರ್ಗ ಮೂರೇ ಗೇಣು. ಅದೇ ಹುರುಪಿನಲ್ಲಿ, "ಕೆಳಗ ಯಾಕ ಕುಂತೀರಿ? ಎಲ್ಲಾರೂ ಮಂಚದ ಮ್ಯಾಲ ಆರಾಮ ಕುಂದ್ರಿ, ಎಲಿ ಅಡಿಕಿ ಕೊಡತೀನಿ" ಅಂದೆ.

ಮೊದಲು ಬೀಗತಿ ಕೂತರು. ಆಮೇಲೆ ಕಾಕಾ. ಆಮೇಲೆ ಕಸ್ತೂರಿಯ ಗಂಡ. ಮನೆ ಎಲ್ಲೋ ಕಿರ್ ಅಂದಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಕಸ್ತೂರಿ, "ಉಸ್ಸಪ್ಪಾ" ಅಂತ ಕೂತಳು.

ಅಷ್ಟೇ. ಮನೆ ಮೂತಿ ಎತ್ತಿತು.

ನೆಲ ನನ್ನ ಕಾಲ ಕೆಳಗಿನಿಂದ ಎದ್ದಿತು. ನಾನು, ಎಲೆ ಅಡಿಕೆಯ ತಟ್ಟೆ, ಹೋಳಿಗೆಬುಟ್ಟಿ, ಕಟ್ಟಿನ ಸಾರಿನ ಪಾತೇಲಿ ಎಲ್ಲಾ ಕೂಡಿ ಜಾರಿಕೊಂಡು ಮಂಚದ ಕಡೆಗೆ ಹೊರಟೆವು. ಹಿಂಭಾಗ ಧಪ್ ಅಂತ ನೆಲಕ್ಕೆ ಕೂತಿತು. ಸಾರು ನೇರ ಬೀಗತಿಯ ಮಡಿಲಿಗೆ. ಹೋಳಿಗೆ ಕಾಕಾನ ಟೋಪಿಯ ಮೇಲೆ. ನಾನು ಕಸ್ತೂರಿಯ ಮೇಲೆ ಬಿದ್ದದ್ದರಿಂದ ನನಗೇನೂ ಪೆಟ್ಟಾಗಲಿಲ್ಲ. "ಭೂಕಂಪ! ಭೂಕಂಪ!" ಅಂತ ಕಸ್ತೂರಿಯ ಗಂಡ ಕೂಗಿದ.

"ಯಾರೂ ಅಳಗ್ಯಾಡಬ್ಯಾಡ್ರಿ! ಅಳಗ್ಯಾಡಿದ್ರ ಪೂರಾ ಮಗಚತೈತಿ!" ಅಂದರು ಕಾಕಾ. ಹೀಗಾಗಿ ಎಲ್ಲರೂ ಇದ್ದಲ್ಲೇ ಕಲ್ಲಾದರು. ಬಾಗಿಲು ಮೊದಲೇ ಕಚ್ಚುವ ಬಾಗಿಲು, ಈಗ ಸೊಟ್ಟಾಗಿ ಕೂತು ಜಪ್ಪಯ್ಯ ಅಂದರೂ ಅಲುಗದು. ಸಾರು ಚೆಲ್ಲಿದ ಚಾಪೆಯ ಮೇಲೆ ಮೇಲಕ್ಕೆ ತೆವಳಲು ಯಾರಿಗೂ ಧೈರ್ಯವಿಲ್ಲ.

ಉಂಡ ಕೂಡಲೇ ಹಿಂಡು ನೋಡಲು ಹೊರಗೆ ಹೋಗಿದ್ದ ಯಜಮಾನರು ಓಡಿಬಂದು, ಮೇಲೆದ್ದ ಮೂತಿಗೆ ಹಾರಿ ಜೋತುಬಿದ್ದರು. ಅವರು ಎಷ್ಟು ತೂಗುತ್ತಾರೆ, ಪಾಪ! ಮೂತಿ ಅಲುಗಲಿಲ್ಲ. ಪಕ್ಕದ ಕಿಟಕಿಯಲ್ಲಿ ಗಾಳಿಯಲ್ಲಿ ಒದ್ದಾಡುವ ಅವರ ಎರಡು ಕಾಲು ಮಾತ್ರ ನನಗೆ ಕಂಡವು.

ಅಷ್ಟರಲ್ಲಿ ಅತ್ತೆಯ ದನಿ ಕೇಳಿತು. "ಇಳಿಯೋ, ಏನ ಬಾವಲಿ ಜೋತಬಿದ್ದಂಗ ಜೋತಬಿದ್ದೀ! ಒಳಗಿನಾವರು ಎಲ್ಲಾರೂ ಮುಂದ ಸರೀರಿ, ತಾನs ಇಳೀತೈತಿ!" ಅವರು ಹೇಳಿದ್ದು ಸರಿಯೇ. ಆದರೆ ಯಾರು ಸರಿಯುತ್ತಾರೆ? ಕಾಕಾ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು. ಕಸ್ತೂರಿ, "ಅವ್ವಾ, ನಾ ಒಲ್ಲೆ, ನಾ ಒಲ್ಲೆ" ಅಂತ ಮಂಚ ಹಿಡಿದುಕೊಂಡಿದ್ದಳು. ಅತ್ತೆ ಇನ್ನೆರಡು ಸಲ ಕರೆದರು. ಆಮೇಲೆ ತಮ್ಮಷ್ಟಕ್ಕೆ ಅಂದದ್ದು ನನಗೆ ಸ್ಪಷ್ಟ ಕೇಳಿತು. "ಮುಂದ ನಿಂತ ಕರದ್ರ ಯಾವ ಕುರಿ ಬಂದೈತಿ? ಹಿಂದಿಂದ ಹೆದರಸಬೇಕು."

ಸರ್ ಅಂತ ಹಿಂದಿನ ಕಂಬಳಿ ಕೆಳಗೆ ಬಿತ್ತು. ಕಪ್ಪು ಕಿಟಕಿಯಲ್ಲಿ ಒಮ್ಮೆಲೇ ಬೆಳಕು. ಕಿಟಕಿ ಈಗ ನೆಲದ ಹತ್ತಿರಕ್ಕೆ ಇಳಿದಿತ್ತಲ್ಲ, ಹೊರಗಿನದೆಲ್ಲ ನಮ್ಮ ಮೂಗಿನ ನೇರಕ್ಕೇ ಕಾಣುತ್ತಿತ್ತು. ಅತ್ತೆ ಕುಂಟುತ್ತ ಬೇವಿನ ಮರದ ಕಡೆಗೆ ಹೋಗುವುದು ಕಂಡಿತು. ಬಗ್ಗಿ ಹಗ್ಗ ಬಿಚ್ಚುವುದು ಕಂಡಿತು.

"ಅತ್ತೀ, ಬ್ಯಾಡ್ರೀ!" ಅಂತ ನಾನು ಕಿರುಚಿದೆ.

ಸುಲ್ತಾನ ಬಂದು ನಿಂತ. ತಗಡಿನಲ್ಲಿ ಅವನ ಹಳೆಯ ವೈರಿ ಕಂಡಿರಬೇಕು. ಹಿಂದೆ ಸರಿದ. ಒಳಗೆ ಬೀಗತಿ ಕಣ್ಣು ಬಿಟ್ಟು, "ಅದು ನನ್ನs ನೋಡಾಕತ್ತೈತಿ" ಅಂದರು. ಸುಲ್ತಾನ ತಲೆ ಬಗ್ಗಿಸಿ ಹೊರಟ. ಆ ಗಿಣಿಮೂಗು ಕಿಟಕಿಯ ತುಂಬ ದೊಡ್ಡದಾಗುತ್ತ ಬಂದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಧಡ್!

ಅಷ್ಟು ಮಂದಿ ಅಷ್ಟು ಲಗುಬಗೆಯಿಂದ ಓಡಿದ್ದನ್ನು ನಾನು ಎಲ್ಲೂ ನೋಡಿಲ್ಲ. ಸಾರಿಲ್ಲ, ಜಾರಿಕೆಯಿಲ್ಲ, ಬೀಗತಿ ಎಲ್ಲರಿಗಿಂತ ಮುಂದೆ. ಕಸ್ತೂರಿ ನನ್ನ ಬೆನ್ನ ಮೇಲೆ ಕಾಲಿಟ್ಟೇ ಹೋದಳು. ಎಲ್ಲರೂ ಮುಂದಿನ ಮೂಲೆಗೆ ಹೋಗಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ಮನೆ ಒಂದು ಸಲ ಯೋಚನೆ ಮಾಡಿತು. ಆಮೇಲೆ ಮೂತಿ ಇಳಿಸಿ ದೊಪ್ಪನೆ ಸಮ ಕೂತಿತು. ಆ ಪೆಟ್ಟಿಗೆ, ಅಷ್ಟು ದಿನ ಕಚ್ಚುತ್ತಿದ್ದ ಬಾಗಿಲು ತಾನಾಗಿ ತೆರೆದುಕೊಂಡಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಎಲ್ಲರೂ ಕೆಳಗಿಳಿದರು. ಕಾಕಾ ಟೋಪಿ ಜಾಡಿಸಿದರು. ಆಗ ಅವರ ಕಣ್ಣು ಮರಿಗಳ ಬಲೆಯ ಗೂಟದ ಮೇಲೆ ಬಿತ್ತು. "ತಮ್ಮಾ, ಇವು ಮನೀ ಕಾಲ ಅಲ್ಲೇನೋ?" ಅಂದರು. ಯಜಮಾನರು ಸುಲ್ತಾನನನ್ನು ಕಟ್ಟಿಹಾಕಲು ಹೋದರು.

ಕಸ್ತೂರಿ ಸೆರಗು ಸರಿಮಾಡಿಕೊಂಡು, "ಅವ್ವಾ, ಗಂಟ ತಗೋ, ನಡಿ. ಇದು ಮನಿ ಅಲ್ಲ, ಜೋಕಾಲಿ" ಅಂದಳು.

ನನ್ನ ಹೋಳಿಗೆ, ನನ್ನ ಹಟ, ಎಲ್ಲ ಮಣ್ಣುಪಾಲಾಗಿತ್ತು. ಒಳಗೆ ಹೋಗಿ ಚೆಲ್ಲಿದ್ದನ್ನು ಬಳಿಯುವ ನೆಪದಲ್ಲಿ ಅಳತೊಡಗಿದೆ. ಅತ್ತೆ ಹೊರಟೇಹೋದರು, ಇನ್ನು ಈ ಡಬ್ಬಿ ತಗೊಂಡು ಏನು ಮಾಡಲಿ ಅಂತ ಒಂದೇ ಸಂಕಟ.

ಹಿಂದೆ ಕೋಲಿನ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ. ಮೆಟ್ಟಿಲು ಹತ್ತಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದಿದ್ದರು. ಮೊದಲನೆಯ ಸಲ. ಸಾರು, ಹೋಳಿಗೆ, ನನ್ನ ಮುಖ ಎಲ್ಲವನ್ನೂ ಒಂದು ಸಲ ನೋಡಿದರು. ಆಮೇಲೆ ಸೀದಾ ಮುಂದಿನ ಮೂಲೆಗೆ ಹೋಗಿ, ಪಾಯಖಾನೆಯಲ್ಲಿ ಹಿಡಿಸದೆ ಅಲ್ಲಿ ಇಟ್ಟಿದ್ದ ಜೋಳದ ಚೀಲದ ಮೇಲೆ ಕೂತರು.

"ಕಸ್ತೂರೀ, ನೀವ ಹೋಗ್ರವ್ವಾ" ಅಂದರು ಗಟ್ಟಿಯಾಗಿ. "ಈ ಮನಿಗೆ ಮುಂದ ಒಬ್ಬರು ಕುಂಡ್ರಾವರು ಬೇಕು. ಇವರಿಬ್ಬರನ್ನs ಬಿಟ್ರ ನಾಳಿಗೆ ಮನಿ ಮಗಚಿ ಹಾಕತಾರ."

ಕಸ್ತೂರಿ ಬಾಯಿ ತೆರೆದಳು. ಅಷ್ಟರಲ್ಲಿ ಬೀಗತಿ ನಕ್ಕುಬಿಟ್ಟರು. "ನಡಿಯವ್ವಾ, ನಿಮ್ಮವ್ವಗ ಕೂಡ್ರಾಕ ಜಾಗಾ ಸಿಕ್ಕೈತಿ. ನನಗೊಂದ ಸೀರಿ ಕೊಡ್ರಿ, ಸಾರ ವಾಸನಿ ಹೊಡ್ಯಾಕತ್ತೈತಿ." ಅವರು ಅತ್ತೆಯ ಸೀರೆ ಉಟ್ಟುಕೊಂಡೇ ಡಫಳಾಪುರಕ್ಕೆ ಹೋದರು. ಗಂಟು ಅಷ್ಟಕ್ಕಾದರೂ ಬಿಚ್ಚಿತು.

ಮಾರನೆಯ ದಿನವೇ ಯಜಮಾನರು ಗೂಟ ಕಿತ್ತು, ತೊಳೆದು, ಮನೆಯ ಹಿಂದೆ ಕಾಲು ಹಚ್ಚಿದರು. ಈಗ ಹತ್ತು ಮಂದಿ ಮಂಚದ ಮೇಲೆ ಕುಣಿದರೂ ಮನೆ ಅಲುಗುವುದಿಲ್ಲ. ಅತ್ತೆಗೂ ಅದು ಗೊತ್ತು. ಆದರೂ ಹಾಸಿಗೆ ಮುಂದಿನ ಮೂಲೆಯಲ್ಲೇ. ಬೆಳಗಿನ ಜಾವ ನಾನು ಹೊರಗೆ ಹೋಗಲು ಎದ್ದರೆ, "ಹೇಳಿ ಏಳಬೇಕವ್ವಾ, ನಾ ಗಟ್ಟಿ ಹಿಡಕೊಂಡ ಕುಂದ್ರತೀನಿ" ಅನ್ನುತ್ತಾರೆ. ನಾನು ಸುಮ್ಮನಿರುವುದಿಲ್ಲ. ಜಗಳ ಅಲ್ಲಿಂದಲೇ ಶುರು.

ಮೊನ್ನೆ ಕಸ್ತೂರಿಯ ಮನೆಯಲ್ಲಿ ಕಾರ್ಯಕ್ರಮವಿದ್ದು ಅತ್ತೆ ಡಫಳಾಪುರಕ್ಕೆ ಹೋಗಿದ್ದರು. ಅವರು ಹೋದ ಸಂಜೆ ಯಜಮಾನರು ಒಂದು ಹೊಟ್ಟಿನ ಚೀಲ ತಂದು ಅತ್ತೆಯ ಜಾಗದಲ್ಲಿ ಇಟ್ಟರು. "ಯಾಕ್ರೀ? ಕಾಲ ಹಚ್ಚೇವಲ್ಲ" ಅಂದೆ. "ಇರಲಿ ಬಿಡು" ಅಂದರು. ಅತ್ತೆ ತಿರುಗಿ ಬರುವವರೆಗೂ ಆ ಚೀಲವನ್ನು ಇಬ್ಬರೂ ಅಲ್ಲಿಂದ ಎತ್ತಲಿಲ್ಲ.