ಬೆಕ್ಕು ಹಾರಿದಲ್ಲಿಗೆ ಮುಚ್ಚಿದ ಪುಸ್ತಕ

ಗೆಳೆಯರೇ, ಇವತ್ತು ಬೆಳಿಗ್ಗೆ ಮಾದಾಪುರದ ನಮ್ಮ ಅಪಾರ್ಟ್‌ಮೆಂಟಿನ ಪುಟ್ಟ ಲೈಬ್ರರಿಗೆ ಇಲ್ಲೇ ಮೇಲಿನ ಮಹಡಿಯಲ್ಲಿರುವ ಮೈಸೂರು ಕಡೆಯ ರಶ್ಮಿ ತಮ್ಮ ಮೂರನೇ ಕ್ಲಾಸಿನ ಮಗಳು ತನ್ವಿಯನ್ನು ಎಳೆದುಕೊಂಡು ಬಂದರು. "ಇವಳು ಪುಸ್ತಕ ಮುಟ್ಟೋದೇ ಇಲ್ಲ ಮೇಡಂ. ನೀತಿ ಇರೋ ಒಳ್ಳೆ ಕಥೆ ಯಾವುದಾದ್ರೂ ಹೇಳಿ."

ಲೈಬ್ರರಿ ನೋಡಿಕೊಳ್ಳುವವರು ಕಲಬುರಗಿ ಕಡೆಯ ನಿವೃತ್ತ ಟೀಚರ್ ಸುಲೋಚನಾಬಾಯಿ. ಅವರು ತಾಯಿಯನ್ನು ಬಿಟ್ಟು ಮಗಳನ್ನು ಕೇಳಿದರು: "ನಿನಗ ಏನ್ ನೋಡಿದ್ರ ಭಾಳ ನಗು ಬರ್ತೈತಿ?"

"ಹಲ್ಲಿ ಬಾಲ ಬಿಟ್ಟು ಓಡೋದು."

ಅವರು ಹಲ್ಲಿಯ ಕಥೆಯೊಂದನ್ನು ಹುಡುಕಿ ಜೋರಾಗಿ ಓದತೊಡಗಿದರು. ಬೆಕ್ಕು ಹಲ್ಲಿಯ ಮೇಲೆ ಹಾರಿತು ಎಂಬಲ್ಲಿಗೆ ಪುಸ್ತಕ ಮುಚ್ಚಿಬಿಟ್ಟರು.

"ತರ್ವಾತ ಏನಾಯ್ತು?" ತನ್ವಿ ಶಾಲೆಯ ತೆಲುಗು ಬೆರೆಸಿ ಕೇಳುತ್ತ ಎದ್ದು ನಿಂತಳು.

"ನನಗ ಮರ್ತೈತವ್ವಾ. ನೀನ ಓದಿ ಬಂದು ಹೇಳು."

ರಶ್ಮಿಗೆ ಸಮಾಧಾನವಾಗಲಿಲ್ಲ. "ಇದರಲ್ಲಿ ನೀತಿ ಎಲ್ಲಿದೆ ಮೇಡಂ?"

"ನೀತಿ ಮನ್ಯಾಗ ನೀವು ಹೇಳ್ರಿ. ಕತಿ ಪುಸ್ತಕ ಹೇಳ್ಲಿ."

ಎಂಥ ಟೀಚರ್ ಅಂದುಕೊಳ್ಳುತ್ತ, ಅಲ್ಲೇ ಪುಸ್ತಕ ನೋಡುತ್ತಿದ್ದ ನಾನೂ ತಾಯಿ ಮಗಳ ಜೊತೆ ಲಿಫ್ಟ್ ಹತ್ತಿದೆ. ಅವರ ಮಹಡಿ ಬಂದು ಬಾಗಿಲು ತೆರೆದರೂ ಓದುತ್ತಿದ್ದ ತನ್ವಿ ಇಳಿಯಲಿಲ್ಲ. ಮಗಳ ಹೆಗಲ ಮೇಲಿಂದ ಇಣುಕುತ್ತಿದ್ದ ರಶ್ಮಿಯೂ ಇಳಿಯಲಿಲ್ಲ. "ಒಂದ್ನಿಮಿಷ ತಾಳೇ, ಪುಟ ತಿರುಗಿಸ್ಬೇಡ" ಎಂದರು. ಲಿಫ್ಟು ನಮ್ಮನ್ನು ಮತ್ತೆ ಕೆಳಗೆ ಕರೆತಂದಿತು. ಹೌದು, ನಮ್ಮನ್ನು. ನನ್ನ ಮಹಡಿ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ.