ರೆಕ್ಕೆಯ ಮೇಲಿನ ಕುಂಕುಮ

ನನ್ನ ಮೊಮ್ಮಗಳು ವಿಮಾನ ನೋಡಿಕೊಳ್ಳುತ್ತಾಳೆ. ಈ ಮಾತನ್ನು ರಾಯದುರ್ಗದಲ್ಲಿ ನಾನು ಹೇಳದ ಮನೆಯಿಲ್ಲ. ಪ್ಯಾಂಟು ಹೊಲಿಯುವ ನಮ್ಮ ಶೆಡ್ಡಿನಲ್ಲಂತೂ ಮಿಷನ್ನುಗಳ ಸದ್ದಿನ ಮೇಲೆ ಕೂಗಿ ಹೇಳಿದ್ದೇನೆ. ಪೈಲಟ್ಟಾ ಎಂದು ಕೇಳಿದರು. ಅಲ್ಲ, ಮ್ಯೂಸಿಯಂ ಎಂದೆ. ಹಾರದ ವಿಮಾನದಲ್ಲಿ ನೋಡಿಕೊಳ್ಳುವುದೇನಿದೆ ಎಂದು ನಕ್ಕರು. ನಗಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಮೊದಲು ಹಾಗೇ ಅನ್ನಿಸಿತ್ತು.

ಮ್ಯೂಸಿಯಂ ಇರುವುದು ಮಡಕಶಿರಾದ ಆಚೆ, ಹೇಮಾವತಿಗೆ ಹೋಗುವ ದಾರಿಯಲ್ಲಿ. ಹಿಂದೆ ಒಂದು ಕಂಪನಿಯವರು ಅಲ್ಲಿ ಇಬ್ಬರು ಕೂರುವ ಸಣ್ಣ ವಿಮಾನ ಮಾಡುತ್ತಿದ್ದರು. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಈಗ ಅದೇ ಶೆಡ್ಡಿನಲ್ಲಿ ಅವರ ಹತಾರಗಳು, ಫೋಟೋಗಳು, ಅವರು ಮಾಡಿದ ಮೊದಲ ವಿಮಾನ, ಎಲ್ಲವನ್ನೂ ಜೋಪಾನವಾಗಿ ಇಟ್ಟು ಜನರಿಗೆ ತೋರಿಸುತ್ತಾರೆ. ಮೊಮ್ಮಗಳನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಕೆಲಸ ನೋಡಿ ಆಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತೇವೆ ಎಂದಿದ್ದರಂತೆ. ಆ ಆರು ತಿಂಗಳು ಮುಗಿಯುವ ವಾರವೇ ನಾನು ಹೊರಟೆ. ಬಸ್ಸಿನಲ್ಲಿ ಕಲ್ಯಾಣದುರ್ಗ ದಾಟುವವರೆಗೂ ಖುಷಿ ಇತ್ತು. ಅಲ್ಲಿಂದಾಚೆ ಒಂದೇ ಯೋಚನೆ. ಇಂಥ ಸಮಯದಲ್ಲಿ ನಾನು ಹೋಗಿ ಏನಾದರೂ ಎಡವಟ್ಟು ಮಾಡಿದರೆ?

ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲಿ ಬೀಗತಿ ಕಾಯುತ್ತಿದ್ದರು. ಮೊಮ್ಮಗಳ ಅಪ್ಪನ ತಾಯಿ ಅವರು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವ ಗಟ್ಟಿ ಹೆಂಗಸು. ನನ್ನ ಮುಖ ನೋಡಿದವರೇ, "ಏನ್ ಬೀಗ್ರೇ, ಮೊಮ್ಮಗಳ್ನ ನೋಡಾಕ್ ಬಂದ್ರೋ, ಕೋರ್ಟಿಗ್ ಬಂದ್ರೋ?" ಎಂದರು. ನಾನು ನಕ್ಕೆ. ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಹೊಸ ಮಿಷನ್ನು ಬಂದಾಗ ಇಡುವ ಹಾಗೆ ವಿಮಾನದ ಗಾಲಿಯ ಕೆಳಗೂ ಇಡಬೇಕೆಂದು. ಅದನ್ನು ಅವರಿಗೆ ಹೇಳಲಿಲ್ಲ.

ಮೊಮ್ಮಗಳು ನಮ್ಮಿಬ್ಬರನ್ನೂ ಜನ ಬರುವ ಮುಂಚೆಯೇ ಒಳಗೆ ಕರೆದುಕೊಂಡು ಹೋದಳು. ವಿಮಾನ ಹಳದಿ ಬಣ್ಣದ್ದು, ನಮ್ಮೂರಿನ ಆಟೋಗಿಂತ ಸ್ವಲ್ಪವೇ ಎತ್ತರ. ಅದರ ರೆಕ್ಕೆ ತಗಡಲ್ಲ, ಬಟ್ಟೆ! ಒಳಗೆ ಮರದ ಪಟ್ಟಿಗಳಿವೆಯಂತೆ, ಮೇಲೆ ಬಟ್ಟೆ ಎಳೆದು ಹೊಲಿದು, ಬಣ್ಣ ಬಳಿದು ಡೋಲಿನ ಹಾಗೆ ಬಿಗಿ ಮಾಡುತ್ತಿದ್ದರಂತೆ. ಜೀವಮಾನವೆಲ್ಲ ಬಟ್ಟೆ ಹೊಲಿದ ನನಗೆ ಅದನ್ನು ಕೇಳಿ ಕಣ್ಣು ತುಂಬಿಬಂತು. ಮುಟ್ಟಬೇಕೆನ್ನಿಸಿತು. ಈಗ ಆ ಬಟ್ಟೆ ಹಳೆಯದಾಗಿದೆ, ಬೆರಳು ಒತ್ತಿದರೂ ಸೀಳಬಹುದು ಎಂದು ಅವಳು ಹೇಳಿದ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ನಿಂಬೆಹಣ್ಣು ಜೇಬಿನಲ್ಲೇ ಉಳಿಯಿತು.

ಅವಳಿಗೆ ಫೋನು ಬಂತು, ಬಾಗಿಲ ಕಡೆ ಹೋದಳು. ನಾನು ಗೋಡೆಯ ಫೋಟೋ ನೋಡುತ್ತಿದ್ದೆ. ತಿರುಗಿದರೆ ಬೀಗತಿ ವಿಮಾನದ ಸುತ್ತ ಕಟ್ಟಿದ ಹಗ್ಗದ ಮೇಲಿಂದ ಕೈ ಚಾಚಿದ್ದಾರೆ. ಹೇಮಾವತಿ ಸಿದ್ದೇಶ್ವರನ ಕುಂಕುಮದ ಪೊಟ್ಟಣ ಒಂದು ಕೈಯಲ್ಲಿ. ಇನ್ನೊಂದು ಕೈಯ ಬೆರಳನ್ನು ಬಾಟಲಿಯ ನೀರಿನಲ್ಲಿ ನೆನೆಸಿ, ರೆಕ್ಕೆಯ ತುದಿಗೆ ಹಣೆಗಿಟ್ಟಷ್ಟೇ ದೊಡ್ಡ ಬೊಟ್ಟು ಇಟ್ಟುಬಿಟ್ಟಿದ್ದರು.

"ಏನ್ ಮಾಡಿದ್ರಿ ಬೀಗತ್ಯಾರ?" ಎಂದೆ.

ಅವರಿಗೂ ಆಗಲೇ ತಿಳಿಯಿತೇನೋ, ಸೆರಗಿನಿಂದ ಒರೆಸಲು ಹೋದರು. ಮೊಮ್ಮಗಳು ಓಡಿಬಂದಳು. "ಅಜ್ಜಿ, ಒರೆಸ್ಬೇಡ. ಕೈ ತೆಗಿ" ಎಂದಳು. ಕೂಗಲಿಲ್ಲ, ಆದರೆ ಅವಳ ಮುಖ ಬಿಳಿಚಿಕೊಂಡಿತ್ತು. ಒದ್ದೆ ಬಣ್ಣ ಹಳದಿಯ ಮೇಲೆ ಮೆಲ್ಲಗೆ ಹರಡುತ್ತಿತ್ತು. ಮೂವರೂ ಅದನ್ನೇ ನೋಡುತ್ತ ನಿಂತೆವು.

ನನಗೆ ತೋಚಿದ್ದು ಒಂದೇ. "ಯಾರೂ ನೋಡಿಲ್ಲವ್ವ, ಸುಮ್ನಿದ್ದುಬಿಡು. ಒಣಗಿದ್ರ ನಾನೇ ತಗೀತೀನಿ" ಎಂದೆ.

"ನಾನು ನೋಡಿದ್ದೀನಲ್ಲ ತಾತ" ಎಂದು ಅವಳು ನೇರವಾಗಿ ಮ್ಯೂಸಿಯಂ ನಡೆಸುವ ಮೇಡಂ ಕೋಣೆಗೆ ಹೋದಳು.

ಗಾಜಿನ ಬಾಗಿಲಿನೊಳಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಮೇಡಂ ಮುಖ ಕಾಣುತ್ತಿರಲಿಲ್ಲ. ಬೈಯುತ್ತಿದ್ದಾರೋ, ಹೋಗು ಎನ್ನುತ್ತಿದ್ದಾರೋ. ಊರಿಗೆ ಹೋಗಿ ಏನು ಹೇಳಲಿ, ಅಜ್ಜಿ-ತಾತ ಹೋಗಿ ಮಗುವಿನ ಕೆಲಸ ಕಳೆದುಬಂದರು ಎನ್ನಲೇ? ಬೀಗತಿ ಕುಂಕುಮದ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಕೊನೆಗೆ, "ನಾನೇ ಕಾಲ್ ಹಿಡಿತೀನಿ ಬೀಗ್ರೇ" ಎಂದರು.

ಮೇಡಂ ಬಂದು ರೆಕ್ಕೆಯ ಹತ್ತಿರ ಬಗ್ಗಿ ನೋಡಿದರು. ಯಾಕೆ ಇಟ್ಟಿರಿ ಎಂದು ಬೀಗತಿಯನ್ನು ಕೇಳಿದರು.

"ನಮ್ಮುಡುಗಿ ನೋಡ್ಕೊಳ್ಳೋ ವಿಮಾನ ಕಣಮ್ಮ. ದೃಷ್ಟಿ ಆಗ್ಬಾರ್ದು ಅಂತ."

ಮೇಡಂ ನಗಲಿಲ್ಲ. ಮೊಮ್ಮಗಳ ಕಡೆ ತಿರುಗಿ, ಈಗೇನು ಮಾಡುತ್ತೀ ಎಂದರು. ಅವಳು ತಡವರಿಸದೆ ಹೇಳಿದಳು. ಈಗ ಏನೂ ಹಚ್ಚುವುದಿಲ್ಲ, ತಾನಾಗಿ ಒಣಗಲಿ. ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ಪುಡಿಯಷ್ಟೇ ತೆಗೆಯುತ್ತೇನೆ. ಕಲೆ ಉಳಿದರೆ ಬಟ್ಟೆ ರಿಪೇರಿಯವರು ಬಂದು ನೋಡುವವರೆಗೆ ಮುಟ್ಟುವುದಿಲ್ಲ. ಹಗ್ಗ ಮಾತ್ರ ಇವತ್ತೇ ಹಿಂದೆ ಸರಿಸಬೇಕು, ನಮ್ಮ ಕಡೆಯವರು ಯಾರು ಬಂದರೂ ಮೊದಲು ಚೀಲದಿಂದ ಕುಂಕುಮವನ್ನೇ ಹೊರತೆಗೆಯುತ್ತಾರೆ.

ಮೇಡಂ ಹಗ್ಗದ ಕಂಬಗಳ ಕಡೆ ನೋಡಿದರು. "ಸರಿಸು. ಕೈಗೆ ಎಟುಕದಷ್ಟು ದೂರ ಇರಲಿ. ಮುಂದಿನ ವರ್ಷ ಶಾಲೆ ಮಕ್ಕಳು ಜಾಸ್ತಿ ಬರ್ತಾರೆ, ನೀನೇ ಸಂಭಾಳಿಸ್ಬೇಕಲ್ಲ" ಎಂದು ಹೇಳಿ ಹೋದರು.

ನನಗೆ ಅರ್ಥವಾಗಲಿಲ್ಲ. ಕೆಲಸ ಹೋಯಿತೋ ಉಳಿಯಿತೋ ಎಂದು ಮೊಮ್ಮಗಳ ತೋಳು ಹಿಡಿದು ಕೇಳಿದೆ. ಬೀಗತಿಯೇ ಹೇಳಿದರು: "ಮುಂದಿನ್ ವರ್ಷ ಅಂದ್ರಲ್ಲ ಬೀಗ್ರೇ, ಕೇಳಿಸ್ಲಿಲ್ವಾ?"

ಕಂಬಗಳನ್ನು ಹಿಂದಕ್ಕೆ ಸರಿಸಿ ಹಗ್ಗದ ಒಂದು ತುದಿಯನ್ನು ಮೊಮ್ಮಗಳು ನನ್ನ ಕೈಗೆ ಕೊಟ್ಟಳು. ಇನ್ನೊಂದು ತುದಿಯನ್ನು ಅವಳು ಗಂಟು ಹಾಕುತ್ತಿದ್ದಳು. ನಡುವೆ ಹಗ್ಗ ಅಲುಗುತ್ತಲೇ ಇತ್ತು. ತಾತಾ, ಬಿಗಿಯಾಗಿ ಹಿಡಿ ಎಂದಳು. ಹಿಡಿದಿದ್ದೆ. ಜೇಬಿನ ನಿಂಬೆಹಣ್ಣನ್ನು ಬೀಗತಿಯ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಹಿಡಿದೆ.